ಒಂದು ಎಂಡಾರ್ಸ್‌ಮೆಂಟ್ ಕೊಟ್ಬಿಡಿ ಸಾರ್!

ತಾಲೂಕು ಕಚೇರಿ, ನಗರಪಾಲಿಕೆ, ಪೊಲೀಸ್ ಠಾಣೆ ಇವುಗಳ ಮೆಟ್ಟಿಲು ಹತ್ತಿಳಿದ ಯಾರಿಗೂ ಎಂಡಾರ್ಸ್‌ಮೆಂಟ್ ಅಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಾಳೆ. ನೆತ್ತಿಯ ಮೇಲೆ ‘ಹಿಂಬರಹ’ ಅಂತ ದಪ್ಪಕ್ಷರ, ಅದರ ಕೆಳಗೊಂದು ಗೆರೆ. ವಿಷಯ, ಉಲ್ಲೇಖ. ಆಮೇಲೆ ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ’ ಅಂತ ಹೊರಡುವ ವಾಕ್ಯ ಊರೆಲ್ಲ ಸುತ್ತಿ, ನಾಲ್ಕು ಸುತ್ತೋಲೆಗಳ ಬಾಗಿಲು ತಟ್ಟಿ, ಕೊನೆಗೆ ‘ಅವಕಾಶವಿರುವುದಿಲ್ಲವೆಂದು ಈ ಮೂಲಕ ಹಿಂಬರಹ ನೀಡಲಾಗಿದೆ’ ಅಂತ ಉಸಿರು ಬಿಡುತ್ತದೆ. ಕೆಳಗೆ ಸಹಿ, ಸಹಿಯ ಮೇಲೆ ವಾರೆಯಾಗಿ ಕೂತ ಸೀಲು. ನಿಮ್ಮ ಕೆಲಸ ಆಗಿಲ್ಲ. ಆದರೆ ಆಗಿಲ್ಲ ಅನ್ನುವುದಕ್ಕೆ ನಿಮ್ಮ ಕೈಗೊಂದು ಕಾಗದ ಬಂದಿದೆ.

ಅದೇ ದಿನ ಪೇಪರು ತೆಗೆದರೆ ಇಂಥ ನಟಿಗೆ ಸೋಪಿನ ಎಂಡಾರ್ಸ್‌ಮೆಂಟಿಗೆ ಇಷ್ಟು ಕೋಟಿ ಅಂತ ಸುದ್ದಿ. ಅಲ್ಲಿ ಎಂಡಾರ್ಸ್‌ಮೆಂಟ್ ಅಂದರೆ ‘ತುಂಬಾ ಚೆನ್ನಾಗಿದೆ, ತಗೊಳ್ಳಿ’. ಇಲ್ಲಿ ‘ಆಗೋದಿಲ್ಲ, ಹೋಗಿ ಬನ್ನಿ’. ಈ ಎರಡಕ್ಕೂ ಎಲ್ಲಿಂದೆಲ್ಲಿಯ ನಂಟು ಅಂತ ನಾನು ತಲೆಕೆಡಿಸಿಕೊಂಡಿದ್ದಕ್ಕೆ ನಮ್ಮ ಮನೆಯ ಖಾತೆ ಕಾರಣ. ಅದರಲ್ಲಿ ನಮ್ಮ ಮಾವನವರ ಹೆಸರಿಗೆ ಒಂದು ಒತ್ತಕ್ಷರ ಜಾಸ್ತಿ ಬಿದ್ದಿತ್ತು. ತಿದ್ದುಪಡಿಗೆ ಅರ್ಜಿ ಹಾಕಿದೆ. ಕೌಂಟರಿನಲ್ಲಿದ್ದವರು ‘ಇದು ಆಗಲ್ಲಮ್ಮ’ ಅಂದರು. ‘ಹಾಗಂತ ಒಂದು ಎಂಡಾರ್ಸ್‌ಮೆಂಟ್ ಕೊಟ್ಬಿಡಿ ಸಾರ್’ ಅಂದೆ. ‘ಅದೂ ಆಗಲ್ಲ’ ಅಂದರು.

ಬಟ್ಟೆ ಒಣಹಾಕುತ್ತಾ ಪಕ್ಕದ ಮನೆಯ ಅಕ್ಕನ ಹತ್ತಿರ ಇದನ್ನೇ ಹೇಳಿಕೊಂಡೆ. ಅಕ್ಕ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಅವರ ಯಜಮಾನರು, ನಾವು ಭಾವ ಅನ್ನುವುದು, ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಎಂಡಾರ್ಸ್‌ಮೆಂಟಿನ ಎರಡು ಘರಾಣೆಗಳು ಒಂದೇ ಸೂರಿನ ಕೆಳಗೆ ಸಂಸಾರ ಮಾಡಿಕೊಂಡಿವೆ ಅಂತ ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

‘ಎಂಡಾರ್ಸ್‌ಮೆಂಟ್ ಅಂದ್ರೆ ನಮ್ಮಲ್ಲಿ ಅದಕ್ಕೊಂದು ಮರ್ಯಾದೆ ಇತ್ತು ಕಣೇ’ ಅಂತ ಅಕ್ಕ ಕಾಂಪೌಂಡಿಗೆ ಒರಗಿಕೊಂಡರು. ‘ಚೆಕ್ಕಿನ ಬೆನ್ನ ಮೇಲೆ ಸಹಿ ಹಾಕ್ತಾರಲ್ಲ, ಅದೇ ಅಸಲಿ. ನಿಂಗೆ ಬಂದ ಚೆಕ್ಕು, ನೀನು ಬ್ಯಾಂಕಿಗೆ ಹಾಕದೆ ಅಂಗಡಿಯವನಿಗೆ ಕೊಡಬೇಕು ಅಂದ್ಕೋ. ಹಿಂದುಗಡೆ ಇಂಥವರಿಗೆ ಕೊಡಿ ಅಂತ ಬರೆದು ಸಹಿ ಮಾಡಿದ್ರೆ ದುಡ್ಡು ಅವನದು. ಹೆಸರು ಬರೀದೆ ಬರೀ ಸಹಿ ಹಾಕಿದ್ರೆ ಅದು ಬ್ಲ್ಯಾಂಕ್ ಎಂಡಾರ್ಸ್‌ಮೆಂಟು, ಯಾರ ಕೈಲಿದೆಯೋ ಅವನೇ ಧಣಿ.’

‘ಅಷ್ಟು ಸಲೀಸಾ?’

‘ಸಲೀಸು ಅಂತ ಸಹಿ ಹಾಕಿದವರಿಗೆ ಆಮೇಲೆ ಗೊತ್ತಾಗ್ತಿತ್ತು. ಆ ಚೆಕ್ಕು ವಾಪಸ್ಸು ಬಂತು ಅಂದ್ಕೋ. ಅಂಗಡಿಯವನು ಚೆಕ್ ಬರೆದವನನ್ನೂ ಹಿಡೀಬಹುದು, ನೋಟಿಸ್ ಕೊಟ್ಟು ನಿನ್ನನ್ನೂ ಹಿಡೀಬಹುದು. ಹಿಂದೆ ಸಹಿ ಹಾಕಿದ್ದೀಯಲ್ಲ, ನೀನೂ ಹೊಣೆ. 1881ರ ಕಾಯ್ದೆ ಕಣೇ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟು. ಇವತ್ತಿಗೂ ಅದೇ ನಡೀತಿದೆ.’

ಆ ಕಾಯ್ದೆಯಲ್ಲಿ ಬುದ್ಧಿವಂತರಿಗೂ ಒಂದು ಕಿಂಡಿ ಇಟ್ಟಿದ್ದಾರಂತೆ. ಸಹಿಯ ಜೊತೆಗೆ ‘ಸಾನ್ಸ್ ರಿಕೋರ್ಸ್’ ಅಂತ ಬರೆದರೆ, ನಾನು ದಾಟಿಸುತ್ತಿದ್ದೇನೆ ಅಷ್ಟೇ, ದುಡ್ಡು ಬರದಿದ್ದರೆ ನನ್ನ ಮನೆಗೆ ಬರಬೇಡಿ ಅಂತ ಅರ್ಥ. ಹಾಗೆ ಬರೆದ ಕಾಗದವನ್ನು ತೆಗೆದುಕೊಳ್ಳುವವನು ಮುಂಚೆಯೇ ಎಚ್ಚರವಾಗುತ್ತಾನೆ. ಕೈಯಿಂದ ಕೈಗೆ ಹೋಗಿ ಬೆನ್ನಿನ ಜಾಗವೆಲ್ಲ ಸಹಿಯಿಂದ ತುಂಬಿಹೋದರೆ ಇನ್ನೊಂದು ಚೀಟಿ ಅಂಟಿಸಿ ಅದರ ಮೇಲೆ ಸಹಿ ಮುಂದುವರಿಸುವುದಕ್ಕೂ ಕಾಯ್ದೆ ಒಪ್ಪುತ್ತದೆ. ಈಗ ಅವೆಲ್ಲ ಗತವೈಭವ. ಅಕೌಂಟ್ ಪೇಯಿ ಅಂತ ಎರಡು ಗೆರೆ ಎಳೆದ ಚೆಕ್ಕನ್ನು ಹೆಸರಿದ್ದವರ ಖಾತೆಗೆ ಬಿಟ್ಟು ಬೇರೆಯವರ ಖಾತೆಗೆ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ ಕಟ್ಟಪ್ಪಣೆ ಮಾಡಿದೆ. ಎಂಡಾರ್ಸ್‌ಮೆಂಟ್ ಆಟ ಅಲ್ಲಿಗೆ ಮುಗಿಯಿತು. ಸೆಲ್ಫ್ ಚೆಕ್ಕು ಕೊಟ್ಟಾಗ ‘ಹಿಂದೊಂದು ಸಹಿ ಹಾಕಿ’ ಅನ್ನುತ್ತಾರಲ್ಲ, ಅದು ದುಡ್ಡು ಮುಟ್ಟಿತು ಅನ್ನುವುದಕ್ಕೆ.

‘ಒಟ್ಟಿನಲ್ಲಿ ಸಹಿ ಹಾಕಿದೋನು ಭಾರ ಹೊರಬೇಕು. ಇವರ ಕಚೇರಿ ಥರ ಅಲ್ಲ’ ಅಂತ ಅಕ್ಕ ಒಳಗಡೆ ಕೇಳುವ ಹಾಗೆ ಅಂದರು. ‘ಇವರಲ್ಲಿ ಭಾರ ಇಳಿಸಿಕೊಳ್ಳೋಕೆ ಸಹಿ ಹಾಕ್ತಾರೆ.’

ಪೇಪರು ಮಡಿಸಿಕೊಂಡು ಭಾವ ಹೊರಗೆ ಬಂದರು. ಕೋಪವೇನಿಲ್ಲ, ಸವಾಲಿಗೆ ತಯಾರು ಅಷ್ಟೇ. ‘ನೋಡಮ್ಮ, ನಮ್ಮ ಹಿಂಬರಹ ಇಲ್ಲದಿದ್ರೆ ಈ ರಾಜ್ಯದಲ್ಲಿ ಒಂದು ಎಕರೆ ಜಮೀನೂ ನೆಟ್ಟಗೆ ಕೈಬದಲಾಗಲ್ಲ. ವಕೀಲರ ಹತ್ರ ಲೀಗಲ್ ಒಪಿನಿಯನ್‌ಗೆ ಹೋಗು. ಪಹಣಿ, ಮ್ಯುಟೇಷನ್, ಇಸಿ ಎಲ್ಲ ಕೊಟ್ಟ ಮೇಲೂ ಏನು ಕೇಳ್ತಾರೆ? ತಹಶೀಲ್ದಾರ್ ಎಂಡಾರ್ಸ್‌ಮೆಂಟ್ ತಗೊಂಡು ಬನ್ನಿ ಅಂತಾರೆ. ಗೇಣಿ ಅರ್ಜಿ, ಅದೇ ಫಾರಂ ಏಳು, ಹಾಕಿಲ್ಲ ಅಂತ ಒಂದು. ಪಿಟಿಸಿಎಲ್ ಕೇಸು ಇಲ್ಲ ಅಂತ ಇನ್ನೊಂದು. ಮೊದಲಾದ್ರೆ 79ಎ, 79ಬಿ ಪ್ರಕರಣ ಇಲ್ಲ ಅಂತ ಮತ್ತೊಂದು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಿದ್ರು. ನಾವು ಬರೆಯೋ ಈ “ಇಲ್ಲ” ಇದೆಯಲ್ಲ, ಅದಕ್ಕೆ ಜನ ಕ್ಯೂ ನಿಲ್ತಾರೆ!’

ಭಾವನ ಮಾತಲ್ಲಿ ಹುರುಳಿತ್ತು. 1974ರ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಬಂತು. ಹಾಗೆ ಕೇಳಿ ಯಾರಾದರೂ ಹಾಕಿದ ಹಳೆಯ ಅರ್ಜಿ ಎಲ್ಲೋ ಕಟ್ಟಿನಲ್ಲಿ ಮಲಗಿದ್ದರೆ ಇವತ್ತು ಸೈಟು ಕೊಂಡವನ ನಿದ್ದೆ ಹೋಗುತ್ತದೆ. ಪಿಟಿಸಿಎಲ್ ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಹೊಡೆದುಕೊಳ್ಳದ ಹಾಗೆ ತಡೆಯುವ 1978ರ ಕಾಯ್ದೆ. ಆ ಜಮೀನು ಗೊತ್ತಿಲ್ಲದೆ ಕೊಂಡರೂ ಕ್ರಯ ನಿಲ್ಲುವುದಿಲ್ಲ. ಆದ್ದರಿಂದ ಅರ್ಜಿ ಇಲ್ಲ, ಕೇಸು ಇಲ್ಲ ಎಂಬ ಎರಡು ಸಾಲಿಗೆ ಬೆಲೆ ಇದೆ.

‘ಇರಲಿ ಭಾವ. ಠಾಣೆಯಲ್ಲಿ ಕೊಡ್ತಾರಲ್ಲ, ಅದಕ್ಕೇನಂತೀರಿ?’ ಅಂದೆ. ಅದು ನಾಡಿಗೇ ಗೊತ್ತಿರುವ ಒಕ್ಕಣೆ: ‘ಸದರಿ ವಿಷಯವು ಸಿವಿಲ್ ಸ್ವರೂಪದ್ದಾಗಿರುವುದರಿಂದ ಸಂಬಂಧಪಟ್ಟ ನ್ಯಾಯಾಲಯದಲ್ಲಿ ಪರಿಹಾರ ಕಂಡುಕೊಳ್ಳುವಂತೆ ಸೂಚಿಸಿ...’ ಕೈಸಾಲ ಕೊಟ್ಟವನು ಕೇಳಿದರೂ ಅದೇ, ಬಾಡಿಗೆದಾರ ಬೀಗ ಹಾಕಿಕೊಂಡು ಹೋದರೂ ಅದೇ, ಪಕ್ಕದವನು ಎರಡಡಿ ಗೋಡೆ ಜರುಗಿಸಿದರೂ ಅದೇ. ಅಕ್ಕ ನಕ್ಕು ಕಾಂಪೌಂಡ್ ಗೋಡೆಯನ್ನೊಮ್ಮೆ ತಟ್ಟಿದರು.

ಭಾವ ನಗಲಿಲ್ಲ. ‘ಆ ಕಾಗದ ಕೊಟ್ಟರಲ್ಲ, ಅದೇ ದೊಡ್ಡದು. ಬೆಂಗಳೂರಲ್ಲಿ ಹೈಕೋರ್ಟಿನ ರಿಟ್ ಅರ್ಜಿಗಳನ್ನ ನೋಡು. ಇಂಥ ತಾರೀಖಿನ ಹಿಂಬರಹವನ್ನು ರದ್ದುಮಾಡಿ ಅಂತ ಕೇಳಿರೋ ಪ್ರಾರ್ಥನೆ ಲೆಕ್ಕವಿಲ್ಲದಷ್ಟು ಸಿಗುತ್ತೆ. ಸಂವಿಧಾನದ 226ನೇ ವಿಧಿ ಹಿಡಿದು ಹೋಗ್ತಾರೆ. ಕೋರ್ಟಿನವರು ನೋಡೋದು ಏನು? ಕಾರಣ ಬರೆದಿದ್ದಾನಾ, ಆ ಕಾರಣ ಕಾನೂನಿಗೆ ನಿಲ್ಲುತ್ತಾ ಅಂತ. ನಿಲ್ಲದಿದ್ರೆ ಹೊಡೆದುಹಾಕಿ, ಮತ್ತೆ ಪರಿಶೀಲಿಸಿ ಅಂತ ವಾಪಸ್ ಕಳಿಸ್ತಾರೆ. ಬಾಯಲ್ಲಿ ಆಗಲ್ಲ ಅಂದಿದ್ದನ್ನ ಯಾವ ಜಡ್ಜು ರದ್ದು ಮಾಡೋಕಾಗುತ್ತಮ್ಮ?’

‘ಅಂದ್ರೆ ನೀವು ಬರೆದದ್ದನ್ನ ಅಳಿಸೋಕೆ ಹೈಕೋರ್ಟೇ ಬೇಕು ಅನ್ನಿ’ ಅಂದರು ಅಕ್ಕ.

‘ಅದಕ್ಕೇ ಬರೆದುಕೊಡೋಕೆ ಹೆದರ್ತಾರೆ ಕಣೇ’ ಅಂದರು ಭಾವ. ಇಷ್ಟು ದಿನ ಅವರ ಇಲಾಖೆಯ ಬಗ್ಗೆ ಅವರ ಬಾಯಿಂದ ಬಂದ ಅತ್ಯಂತ ಪ್ರಾಮಾಣಿಕ ಮಾತು ಅದು.

ಹಾಗೆ ಹೆದರಿದರೆ ಬಿಡುವ ಹಾಗಿಲ್ಲ ಅನ್ನುವುದಕ್ಕೂ ಕಾನೂನಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ತಿರಸ್ಕರಿಸಿದರೆ ಕಾರಣ ಹೇಳಬೇಕು. ಮೇಲ್ಮನವಿಗೆ ಎಷ್ಟು ದಿನ, ಯಾರ ಹತ್ತಿರ ಹೋಗಬೇಕು ಅನ್ನುವುದನ್ನೂ ಅದೇ ಕಾಗದದಲ್ಲಿ ತಿಳಿಸಬೇಕು. ನಮ್ಮ ರಾಜ್ಯದ ‘ಸಕಾಲ’ದಲ್ಲಿ ಪ್ರತಿ ಸೇವೆಗೂ ಗಡುವಿದೆ, ಅರ್ಜಿಗೊಂದು ನಂಬರಿದೆ, ಆಗದಿದ್ದರೆ ಮೇಲ್ಮನವಿ ಇದೆ. ಚುನಾವಣೆಯಂಥ ಚುನಾವಣೆಯಲ್ಲೂ ಹೀಗೇ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಚುನಾವಣಾಧಿಕಾರಿ ಪ್ರತಿ ನಾಮಪತ್ರದ ಮೇಲೂ ಅಂಗೀಕರಿಸಿದೆ ಅಥವಾ ತಿರಸ್ಕರಿಸಿದೆ ಅಂತ ಹಿಂಬರಹ ಬರೆಯಲೇಬೇಕು. ತಿರಸ್ಕರಿಸಿದರೆ ಯಾಕೆಂದು ಚುಟುಕಾಗಿಯಾದರೂ ಬರೆಯಬೇಕು.

ಚುನಾವಣೆ ಅಂದ ಕೂಡಲೇ ಭಾವನಿಗೆ ಹುರುಪು ಬಂತು. ಡ್ಯೂಟಿ ಮಾಡಿದವರಲ್ಲವೇ! ಪಕ್ಷದ ಬೆಂಬಲ ಅನ್ನುವುದು ಭಾಷಣದಲ್ಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಬರುವುದು ಬಿ ಫಾರಂ. ಅದರ ಮೇಲೆ ಪಕ್ಷದ ಅಧಿಕಾರಸ್ಥರು ಶಾಯಿಯಲ್ಲೇ ಸಹಿ ಹಾಕಿರಬೇಕು. ರಬ್ಬರ್ ಸ್ಟಾಂಪಿನ ಸಹಿ ನಡೆಯುವುದಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಮುಟ್ಟಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಾದರೆ 10 ಮಂದಿ ಬೇಕು, ಅವರೆಲ್ಲ ಅದೇ ಕ್ಷೇತ್ರದ ಮತದಾರರಾಗಿರಬೇಕು. ‘ಹತ್ತು ಜನ ಸಹಿ ಹಾಕಿರ್ತಾರೆ, ಎಣಿಕೆ ದಿನ ನೋಡಿದ್ರೆ ಅವರಿರೋ ಬೂತಲ್ಲಿ ಮೂರು ಓಟು ಬಿದ್ದಿರುತ್ತೆ’ ಅಂತ ಭಾವ ಒಂದು ಕಥೆ ಶುರುಮಾಡಿದರು. ಅಕ್ಕ ಅದನ್ನು ಮುಂಚೆ ಕೇಳಿದವರಂತೆ ಹೂವಿನ ಗಿಡದ ಕಡೆ ತಿರುಗಿಕೊಂಡರು.

ನಾನು ಶಾಸಕರ ಲೆಟರ್‌ಹೆಡ್ಡಿನ ಮಾತು ತೆಗೆದೆ. ಅದಕ್ಕೂ ಮೇಲಿನದು ಮಂತ್ರಿಗಳ ಷರಾ, ಅರ್ಜಿಯ ಅಂಚಿನಲ್ಲಿ ಓರೆಯಾಗಿ ಬರೆಯುವ ಒಂದು ಸಾಲು. ಅರ್ಜಿದಾರ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಊರಿಗೆ ತರುತ್ತಾನೆ. ಆದರೆ ಷರಾ ಓದುವುದು ಒಂದು ವಿದ್ಯೆ ಅನ್ನುತ್ತಾರೆ ಭಾವ. ‘ನಿಯಮಾನುಸಾರ ಪರಿಶೀಲಿಸಿ’ ಅಂತಿದ್ದರೆ ಮಂತ್ರಿಗಳು ಕೈ ತೊಳೆದುಕೊಂಡಿದ್ದಾರೆ. ‘ಸೂಕ್ತ ಕ್ರಮಕ್ಕೆ’ ಅಂತಿದ್ದರೆ ಓದಿಲ್ಲ. ‘ಕೂಡಲೇ ಕ್ರಮ ಕೈಗೊಂಡು ವರದಿ ಮಾಡಿ’ ಅಂತಿದ್ದರೆ ಮಾತ್ರ ಗುಮಾಸ್ತ ಕುರ್ಚಿ ಎಳೆದುಕೊಳ್ಳುತ್ತಾನೆ. ‘ಕೆಳಗೆ ತಾರೀಖು ಹಾಕಿದ್ದಾರಾ ನೋಡ್ಬೇಕು. ತಾರೀಖಿಲ್ಲದ ಷರಾಕ್ಕೆ ಅವಸರ ಇರಲ್ಲ.’

ವಾಹನದ ವಿಷಯಕ್ಕೆ ಬಂದರೆ ಇದೇ ಎಂಡಾರ್ಸ್‌ಮೆಂಟ್ ಜನರ ಹೊಟ್ಟೆಪಾಡಿನ ಪ್ರಶ್ನೆ. ಸಾಲ ಮಾಡಿ ಕೊಂಡ ಗಾಡಿಯ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತಿರುತ್ತದೆ. ಕಂತು ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ‘ಎಚ್‌ಪಿ ಕ್ಯಾನ್ಸಲ್’ ಮಾಡಿಸದಿದ್ದರೆ ಗಾಡಿ ಮಾರುವ ದಿನ ಗೊತ್ತಾಗುತ್ತದೆ. ಇನ್ನು ಡ್ರೈವಿಂಗ್ ಲೈಸೆನ್ಸು. ಕಾರಿನ ಲೈಸೆನ್ಸ್ ಇದ್ದವನು ಸಣ್ಣ ಗೂಡ್ಸ್ ಆಟೊ ಓಡಿಸುತ್ತಾನೆ, ಅಪಘಾತವಾಗುತ್ತದೆ. ‘ಲೈಸೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ ಇಲ್ಲ, ಪರಿಹಾರ ಕೊಡಲ್ಲ’ ಅಂತ ವಿಮೆಯವರು ವರ್ಷಗಟ್ಟಲೆ ವಾದ ಮಾಡಿದರು. ಕೊನೆಗೆ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನ ಕೊಟ್ಟಿತು: 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು, ಬೇರೆ ಎಂಡಾರ್ಸ್‌ಮೆಂಟ್ ಬೇಕಿಲ್ಲ. ಗಾಡಿ ಗುದ್ದಿ ಸತ್ತವರ ಮನೆಯವರಿಗೆ ದುಡ್ಡು ಸಿಗುವುದು ಬಿಡುವುದು ಈ ಒಂದು ಸಾಲಿನ ಮೇಲೆ ನಿಂತಿತ್ತು.

‘ಅದೆಲ್ಲ ಬಿಡಿ, ಸೋಪಿಗೆ ಬನ್ನಿ’ ಅಂದರು ಅಕ್ಕ. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿನಲ್ಲಿ ಕಾಣಿಸಿಕೊಂಡು ಆ ಸಾಲಿಗೆ ಮೊದಲಿಗರಾದ ಭಾರತೀಯ ಚಿತ್ರನಟಿ ಲೀಲಾ ಚಿಟ್ನಿಸ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಲ್ಲಿಂದೀಚೆಗೆ ಮೀಯದ ನಟಿಯಿಲ್ಲ. 2025ರಲ್ಲಿ, 1916ರಷ್ಟು ಹಿಂದಿನ ನಮ್ಮ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ರೂ. 6.20 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ ಎಷ್ಟು ಗಲಾಟೆಯಾಯಿತು! ಕನ್ನಡದ ನಟಿಯರು ಇರಲಿಲ್ಲವೇ ಅಂತ ಜನ ಕೇಳಿದರು. ಹೊರರಾಜ್ಯದ ಮಾರುಕಟ್ಟೆ ಹಿಡಿಯಬೇಕು ಅಂತ ಸರ್ಕಾರ ಹೇಳಿತು.

‘ಅಣ್ಣಾವ್ರು ನಂದಿನಿ ಹಾಲಿಗೆ ಒಂದು ರೂಪಾಯಿ ತಗೊಳ್ಳಲಿಲ್ಲ’ ಅಂದರು ಭಾವ. ನಿಜ. ಡಾ. ರಾಜ್‌ಕುಮಾರ್ ಸಂಭಾವನೆ ಇಲ್ಲದೆ ನಂದಿನಿಯ ಪರವಾಗಿ ನಿಂತರು, ಅದೇ ದಾರಿಯಲ್ಲಿ ಪುನೀತ್ ನಡೆದರು, 2023ರಲ್ಲಿ ಶಿವರಾಜ್‌ಕುಮಾರ್ ಕೂಡ ದುಡ್ಡಿಲ್ಲದೆ ಒಪ್ಪಿಕೊಂಡರು. ಅವರು ಹೇಳಿದ್ದು ಹಳ್ಳಿಯ ಹಾಲು ಉತ್ಪಾದಕರ ಪರವಾಗಿ. ಆ ಮಾತಿಗೆ ತೂಕ ಬಂದದ್ದು ಹಾಗೆ.

ದುಡ್ಡು ತೆಗೆದುಕೊಂಡು ಹೇಳುವುದು ತಪ್ಪೆಂದು ನಾನು ವಾದಿಸುವುದಿಲ್ಲ. ನಟನೆ ಅವರ ಕಸುಬು. ಆದರೆ ಬೆಳ್ಳಗಾಗಿಸುವ ಕ್ರೀಮು, ಕೂದಲು ಚಿಗುರಿಸುವ ಎಣ್ಣೆ, ಸಕ್ಕರೆ ಕಾಯಿಲೆ ಓಡಿಸುವ ಪುಡಿ ಇವಕ್ಕೆ ಮುಖ ಕೊಟ್ಟವರು ನಮ್ಮಲ್ಲಿ ಬಹುಕಾಲ ‘ಸಾನ್ಸ್ ರಿಕೋರ್ಸ್’ ಅಂತ ಬರೆಯದೆಯೇ ಅದರ ಲಾಭ ಪಡೆದರು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಸ್ವಲ್ಪ ಬಿಸಿ ತಟ್ಟಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಂದು ವರ್ಷದವರೆಗೆ ಯಾವ ವಸ್ತುವನ್ನೂ ಹೊಗಳದ ಹಾಗೆ ತಡೆಯಬಹುದು, ಚಾಳಿ ಬಿಡದಿದ್ದರೆ ಮೂರು ವರ್ಷ. ಹೇಳುವ ಮುಂಚೆ ತಕ್ಕಷ್ಟು ವಿಚಾರಿಸಿಕೊಂಡಿದ್ದೆ ಎಂದು ತೋರಿಸಿದರೆ ಬಚಾವು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸುಳ್ಳು ಜಾಹೀರಾತಿಗೆ ಕಂಪನಿಯಷ್ಟೇ ಅದನ್ನು ಹೊಗಳಿದ ತಾರೆಯರೂ ಇನ್‌ಫ್ಲುಯೆನ್ಸರುಗಳೂ ಹೊಣೆ ಅಂದಿತು. ಅಕ್ಕನಿಗೆ ಇದನ್ನು ಹೇಳಿದರೆ, ‘ನಮ್ಮ ಚೆಕ್ಕಿನ ಕಾನೂನು 1881ರಲ್ಲೇ ಹೇಳಿತ್ತು ಕಣೇ’ ಅಂತ ಗೆದ್ದವರ ಹಾಗೆ ನಕ್ಕರು.

ಎಲ್ಲ ರಾಯಭಾರಿಗಳನ್ನೂ ಒಂದೇ ತಕ್ಕಡಿಗೆ ಹಾಕಬಾರದು. ರಾಹುಲ್ ದ್ರಾವಿಡ್ ರಾಜ್ಯದಲ್ಲಿ ಚುನಾವಣಾ ಆಯೋಗದ ರಾಯಭಾರಿಯಾಗಿ ಎಲ್ಲರೂ ತಪ್ಪದೆ ಓಟು ಹಾಕಿ ಅಂತ ಪೋಸ್ಟರುಗಳಿಂದ ಕೇಳಿಕೊಂಡರು. 2019ರ ಲೋಕಸಭಾ ಚುನಾವಣೆ ಬಂದಾಗ ಮತದಾರರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಮನೆ ಬದಲಾಯಿಸಿದ್ದರು, ಹಳೆಯ ಕಡೆ ಹೆಸರು ತೆಗೆಸಿದ್ದಾಯಿತು, ಹೊಸ ಕಡೆ ಸೇರಲಿಲ್ಲ. ಯಾರಿಗೂ ಮೋಸವಾಗಲಿಲ್ಲ ಬಿಡಿ. ಬೇಲಿ ಮಾತಿಗೆ ಒಂದು ಸರಕಾಯಿತು, ಅಷ್ಟೇ.

ನಮ್ಮ ಬರಹಗಾರರ ಕುಲವೇನು ಕಡಿಮೆ? ಪುಸ್ತಕದ ಬೆನ್ನುಡಿ ನೋಡಿ. ‘ಕನ್ನಡದ ಭರವಸೆಯ ದನಿ’ ಅಂತ ಹೊಗಳಿಸಿಕೊಂಡ ದನಿಗಳೆಲ್ಲ ಒಟ್ಟಿಗೆ ಮಾತಾಡಿದರೆ ಕಿವಿ ಮುಚ್ಚಿಕೊಳ್ಳಬೇಕು. ಈ ರೋಗ ಹಳೆಯದು, ಪರದೇಶದಲ್ಲೂ ಇತ್ತು. ಅಮೆರಿಕದ ಕವಿ ವಾಲ್ಟ್ ವಿಟ್ಮನ್, ಎಮರ್ಸನ್ ತನಗೆ ಖಾಸಗಿಯಾಗಿ ಬರೆದ ಪತ್ರದ ಒಂದು ಸಾಲನ್ನು 1856ರಲ್ಲಿ ತನ್ನ ಕವನ ಸಂಕಲನದ ಎರಡನೇ ಆವೃತ್ತಿಯ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಅಚ್ಚುಹಾಕಿಸಿಬಿಟ್ಟ. ಎಮರ್ಸನ್‌ನನ್ನು ಒಂದು ಮಾತು ಕೇಳಲಿಲ್ಲ.

ಇದ್ದುದರಲ್ಲಿ ಅತ್ಯಂತ ಅಪಾಯದ ಎಂಡಾರ್ಸ್‌ಮೆಂಟ್ ನಡೆಯುವುದು ಇಂಥ ಕಾಂಪೌಂಡಿನ ಪಕ್ಕದಲ್ಲೇ. ‘ಹುಡುಗ ಬಂಗಾರ ಕಣ್ರೀ, ನಮಗೆ ಚೆನ್ನಾಗಿ ಗೊತ್ತು’ ಅಂದವರು, ಮದುವೆಯಾಗಿ ಆರು ತಿಂಗಳಿಗೆ ಹುಡುಗಿ ಪೆಟ್ಟಿಗೆ ಸಮೇತ ತವರಿಗೆ ಬಂದಾಗ ‘ನಾವು ಹೇಳಿದ್ದಷ್ಟೇ, ವಿಚಾರಿಸೋದು ನಿಮ್ಮ ಕೆಲಸ’ ಅನ್ನುತ್ತಾರೆ. ಚೀಟಿ ಹಾಕಿಸಿದವರೂ ಹಾಗೇ, ಸೈಟು ತೋರಿಸಿದವರೂ ಹಾಗೇ. ಸಹಿ ಇಲ್ಲ, ಸೀಲು ಇಲ್ಲ, ಹಿಡಿದು ಕೇಳುವುದಕ್ಕೆ ಕಾಗದವೂ ಇಲ್ಲ.

ಅಕ್ಕ ಭಾವ ಇಬ್ಬರಲ್ಲಿ ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ, ನಾನು ದಿನಾ ಕರಿಬೇವಿಗೆ ಆ ಮನೆಗೇ ಹೋಗಬೇಕು. ನನಗೆ ಕಂಡದ್ದು ಇಷ್ಟು. ಹೌದು ಅನ್ನುವವನಾಗಲಿ, ಇಲ್ಲ ಅನ್ನುವವನಾಗಲಿ, ಹೆಸರು ಹಾಕಿ, ಕಾರಣ ಬರೆದು, ತಾರೀಖು ನಮೂದಿಸಿದರೆ ಅದು ಎಂಡಾರ್ಸ್‌ಮೆಂಟ್. ಮಿಕ್ಕಿದ್ದು ಹರಟೆ, ಇದೂ ಸೇರಿದಂತೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಕಚೇರಿಗೆ ಹೋದಾಗ ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಆಗಲ್ಲ’ ಅಂದರೆ ಜಗಳ ಬೇಡ, ಅಳು ಬೇಡ. ‘ಒಂದು ಎಂಡಾರ್ಸ್‌ಮೆಂಟ್ ಕೊಟ್ಬಿಡಿ ಸಾರ್’ ಅನ್ನಿ, ಕೊಡುವವರೆಗೂ ಅನ್ನುತ್ತಿರಿ. ಬಾಯಿಮಾತಿನ ‘ಆಗಲ್ಲ’ಕ್ಕೆ ಅಪೀಲು ಇಲ್ಲ. ಬರೆದು ಸೀಲು ಒತ್ತಿದ ‘ಆಗಲ್ಲ’ಕ್ಕೆ ಹೈಕೋರ್ಟಿನವರೆಗೂ ದಾರಿ ಇದೆ.